ಚಿಕ್ಕಬಳ್ಳಾಪುರದಲ್ಲಿ ಕಾಫಿ ಬೆಳೆಯಲ್ಲ, ಆದರೆ...

"ನಿಮ್ಮದು ಯಾವ ಕಡೆ?" ಅಂತ ಯಾರಾದರೂ ಕೇಳಿದಾಗ "ಚಿಕ್ಕಬಳ್ಳಾಪುರ" ಅಂದರೆ ಸಾಕು, ದೂರದ ಊರಿನವರು ತಕ್ಷಣ "ಓಹ್, ಕಾಫಿ ತೋಟದ ಊರು!" ಅಂದುಬಿಡ್ತಾರೆ. ಅದು ಚಿಕ್ಕಮಗಳೂರು ಸ್ವಾಮೀ.. ಅಂತ ತಿದ್ದಿ ತಿದ್ದಿ ನನಗೂ ಸಾಕಾಗಿದೆ :) ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ.. ಈ ನಾಲ್ಕೂ ತಾಲ್ಲೂಕು ಸುತ್ತಿ ಬಂದರೂ ಹೇಳಿಕೊಳ್ಳುವಂಥ ಕಾಫಿ ತೋಟ ನಿಮಗೆ ಸಿಗೋದಿಲ್ಲ. ಸಿಗೋದು ರಾಗಿ ಹೊಲ, ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ಟೊಮೆಟೊ ಮತ್ತು ನೀಲಗಿರಿ ತೋಪು.

ಹಾಗಾದರೆ ಕಾಫಿಯಲ್ಲಿ ನಮ್ಮ ಸೀಮೆಯ ಪಾಲು ಏನೂ ಇಲ್ಲವೇ ಅನ್ನೋ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಾವು ಕುಡಿಯೋ ಫಿಲ್ಟರ್ ಕಾಫಿಯನ್ನೇ ನೋಡಿ. ಲೋಟದಲ್ಲಿ ಡಿಕಾಕ್ಷನ್ ಇರೋದು ತಳದಲ್ಲಿ ಎರಡು ಬೆರಳಷ್ಟು. ಉಳಿದದ್ದೆಲ್ಲ ಹಾಲು. ಆದರೂ ಕಾಫಿಯ ಚರಿತ್ರೆ ಅಂದರೆ ಬಾಬಾಬುಡನ್ ತಂದ ಏಳು ಬೀಜದಿಂದ ಶುರುವಾಗಿ, ಇಂಗ್ಲಿಷ್ ದೊರೆಗಳ ತೋಟ ಸುತ್ತಿ, ಪೀಬೆರಿ-ಪ್ಲಾಂಟೇಶನ್-ರೊಬಸ್ಟಾ ಅಂತ ಹೇಳಿ ಮುಗಿದುಬಿಡುತ್ತೆ. ಲೋಟದ ಮುಕ್ಕಾಲು ಭಾಗ ತುಂಬಿದ ಹಾಲಿನ ಕಥೆ ಅಷ್ಟಾಗಿ ಯಾರೂ ಹೇಳೋದಿಲ್ಲ. ಈ ಬರಹದಲ್ಲಿ ಕಾಫಿಯನ್ನು ಹಾಲಿನ ಕಡೆಯಿಂದ ನೋಡೋಣ ಅಂತ.

ಹಾಲು ಯಾವ ಊರಲ್ಲಿ ಹೇಗೆ ಸೇರಿತು?

ಮೊದಲು ಸ್ವಲ್ಪ ಹೊರಗಿನ ಲೋಕ ನೋಡಿಬರೋಣ. ಕಾಫಿ ಹುಟ್ಟಿದ ನಾಡುಗಳಲ್ಲಿ ಹಾಲಿನ ಕಾಫಿ ಸಂಪ್ರದಾಯ ಅಲ್ಲ. ಇಥಿಯೋಪಿಯಾದಲ್ಲಿ ಕಾಫಿಯನ್ನು ಮಣ್ಣಿನ ಕೂಜದಲ್ಲಿ ಕುದಿಸಿ ಹಾಗೇ ಕುಡೀತಾರೆ. ಅಲ್ಲಿನ ಕೆಲವು ಭಾಗಗಳಲ್ಲಿ ಉಪ್ಪು ಅಥವಾ ಬೆಣ್ಣೆ ಹಾಕೋದುಂಟು. ಅರಬ್ಬರ ಕಹ್ವಾಕ್ಕೆ ಏಲಕ್ಕಿ ಬೀಳುತ್ತೆ, ಹಾಲು ಬೀಳೋದಿಲ್ಲ. ಯೆಮೆನ್‌ನಲ್ಲಿ ಕಾಫಿ ಹಣ್ಣಿನ ಒಣಸಿಪ್ಪೆಗೆ ಶುಂಠಿ ಹಾಕಿ ಕುದಿಸಿ 'ಕಿಶ್ರ್' ಮಾಡ್ತಾರೆ. ತುರ್ಕಿಯವರು ನುಣ್ಣಗೆ ಬೀಸಿದ ಪುಡಿಯನ್ನು ಸಣ್ಣ ಪಾತ್ರೆಯಲ್ಲಿ ಕಾಯಿಸಿ ಗಸಿಯ ಸಮೇತ ಬಗ್ಗಿಸಿ ಕೊಡ್ತಾರೆ. ಅದಕ್ಕೆ ಹಾಲು ಹಾಕಿ ಅಂದರೆ ನಗ್ತಾರೋ ಏನೋ.

ಹಾಲು ಸೇರಿದ್ದು ಕಾಫಿ ಯೂರೋಪಿಗೆ ಹೋದ ಮೇಲೆ. 17ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗ್ರೆನೋಬಲ್ ಊರಿನ ಮೊನಿನ್ ಅನ್ನೋ ವೈದ್ಯ ಹಾಲು ಬೆರೆಸಿದ ಕಾಫಿಯನ್ನು ಔಷಧಿ ಅಂತ ಹೊಗಳಿದ. ಅಲ್ಲಿಂದ ಮುಂದೆ 'ಕಫೆ ಓ ಲೇ' ಅನ್ನೋದು ಫ್ರೆಂಚರ ಬೆಳಗಿನ ತಿಂಡಿಯ ಜೊತೆಗಾರನಾಯ್ತು. ಸ್ಪೇನಿನಲ್ಲಿ ಅದಕ್ಕೆ ಸಮನಾದದ್ದು 'ಕಫೆ ಕೊನ್ ಲೆಚೆ'. ವಿಯೆನ್ನಾದಲ್ಲಿ ಕಪುಚಿನ್ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣ ಬರೋವಷ್ಟು ಕೆನೆ ಹಾಕಿದ ಕಾಫಿಗೆ 'ಕಪುಜಿನರ್' ಅಂದರು. ಇಟಲಿಯ ಕ್ಯಾಪುಚಿನೊ ಹೆಸರಿನ ಮೂಲವೂ ಆ ನಿಲುವಂಗಿಯೇ. ಅದರ ನೊರೆ ಟೋಪಿ ಮಾತ್ರ ಬಹಳ ಆಮೇಲಿನದು. 20ನೇ ಶತಮಾನದಲ್ಲಿ ಉಗಿ ಯಂತ್ರಗಳು ಬಂದ ಮೇಲೆ ತಲೆಗೇರಿದ್ದು.

ಇನ್ನೊಂದು ಗುಂಪು ಇದೆ. ಆಗ್ನೇಯ ಏಷ್ಯಾದ ಬಹುಪಾಲು ಜನ ಹಿಂದೆ ಹಸು ಸಾಕುತ್ತಿದ್ದದ್ದು ಉಳೋದಕ್ಕೆ, ಹಾಲಿಗಲ್ಲ. ಫ್ರೆಂಚರು ವಿಯೆಟ್ನಾಮಿಗೆ ಕಾಫಿ ತಂದಾಗ ಬೆರೆಸೋಕೆ ತಾಜಾ ಹಾಲೇ ಇಲ್ಲ. ಅಮೆರಿಕದ ಗೇಲ್ ಬೋರ್ಡನ್ 1856ರಲ್ಲಿ ಪೇಟೆಂಟ್ ಪಡೆದಿದ್ದ ಮಂದಗೊಳಿಸಿದ ಹಾಲಿನ ಡಬ್ಬ ಅಲ್ಲಿ ಕೈಹಿಡಿಯಿತು. ವಿಯೆಟ್ನಾಮಿನ 'ಕಾಫೆ ಸುವಾ ದಾ' ಅಂದರೆ ಲೋಟದ ತಳದಲ್ಲಿ ಸಿಹಿ ಡಬ್ಬಿ ಹಾಲು, ಮೇಲೆ 'ಫಿನ್' ಅನ್ನೋ ಪುಟ್ಟ ಫಿಲ್ಟರಿನಿಂದ ತೊಟ್ಟಿಕ್ಕಿದ ಗಟ್ಟಿ ಡಿಕಾಕ್ಷನ್, ಆಮೇಲೆ ಐಸು. ಆ ಫಿನ್ ನೋಡಿದರೆ ನಮ್ಮ ಹಿತ್ತಾಳೆ ಫಿಲ್ಟರಿನ ತಮ್ಮನ ಥರ ಇದೆ. ಮಲೇಶಿಯಾ, ಸಿಂಗಪುರದಲ್ಲೂ ಸುಮ್ಮನೆ 'ಕೋಪಿ' ಅಂದರೆ ಡಬ್ಬಿ ಹಾಲಿನದು ಬರುತ್ತೆ. ಹಾಲು ಬೇಡ ಅಂದರೆ 'ಕೋಪಿ-ಓ' ಅನ್ನಬೇಕು. ಹಾಂಗ್‌ಕಾಂಗ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ, ಹಾಲಿನ ಟೀ ಮತ್ತು ಕಾಫಿ ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿ ಕುಡೀತಾರೆ!

ಹೀಗೆ ಜೋಡಿಸಿ ನೋಡಿದರೆ ಒಂದು ವಿಷಯ ಗೊತ್ತಾಗುತ್ತೆ. ಕಾಫಿ ಬೀಜ ಹಡಗು ಹತ್ತಿ ಎಲ್ಲಾ ಕಡೆ ಹೋಯಿತು, ಹಾಲು ಹಾಗೆ ಹೋಗೋದಿಲ್ಲ. ಕರೆದ ಕೆಲವೇ ಗಂಟೆಯಲ್ಲಿ ಕೆಡುತ್ತೆ. ಹಾಗಾಗಿ ಯಾವ ಊರಿನ ಹಾಲಿನ ಕಾಫಿಯೇ ಆಗಲಿ, ಅದರ ರುಚಿ ನಿರ್ಧಾರ ಆಗಿದ್ದು ಆ ಊರಿನವರು ಹಾಲನ್ನು ಕೆಡದಂತೆ ಏನು ಮಾಡಿದರು ಅನ್ನೋದರ ಮೇಲೆ. ಅವರು ಡಬ್ಬಕ್ಕೆ ತುಂಬಿದರು, ಇವರು ಉಗಿ ಹಾಯಿಸಿದರು. ನಾವು ಉಕ್ಕೋವರೆಗೆ ಕಾಯಿಸಿದೆವು.

ಇಟಲಿಯವರು ಹಾಲನ್ನು ಸುಮಾರು 60-65 ಡಿಗ್ರಿಗೆ ನಿಲ್ಲಿಸ್ತಾರೆ. ನಾವು ಪೂರ್ತಿ ಕುದಿಸ್ತೀವಿ. ಸೆಕೆಯ ನಾಡು, ಫ್ರಿಜ್ ಇಲ್ಲ, ಕೊಟ್ಟಿಗೆಯಿಂದ ನೇರ ಬಂದ ಹಸಿ ಹಾಲು. ಕಾಯಿಸದೆ ಬೇರೆ ದಾರಿ ಇರಲಿಲ್ಲ. 70 ಡಿಗ್ರಿ ದಾಟಿದ ಮೇಲೆ ಹಾಲಿನ ಕೆಲವು ಪ್ರೋಟೀನುಗಳ ರಚನೆ ಬದಲಾಗಿ ಒಂದು 'ಕಾದ' ವಾಸನೆ ಬರುತ್ತೆ. ನಮಗೆ ಕಾಫಿ ಅಂದರೆ ಆ ವಾಸನೆಯೂ ಸೇರಿಯೇ. ಅಂಥ ಕಾದ ಹಾಲಿನ ಮುಂದೆ ತೆಳು ಕಾಫಿ ನಿಲ್ಲೋದಿಲ್ಲ. ಅದಕ್ಕೇ ನಮ್ಮ ಡಿಕಾಕ್ಷನ್ ಅಷ್ಟು ಗಟ್ಟಿ. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎತ್ತಿ ಹುಯ್ಯೋದೂ ಶೋಕಿಗಲ್ಲ. ಕುದಿಯೋದನ್ನ ಕುಡಿಯೋ ಬಿಸಿಗೆ ತರಬೇಕು, ಸಕ್ಕರೆ ಕರಗಬೇಕು. ಹಾಗೆ ಮಾಡುವಾಗ ಹಾಲಿನ ಪ್ರೋಟೀನು ಗಾಳಿ ಹಿಡಿದುಕೊಂಡು ನೊರೆಯಾಗುತ್ತೆ. ಯಂತ್ರ ಇಲ್ಲದ ಕ್ಯಾಪುಚಿನೊ ಅನ್ನಿ ಬೇಕಾದರೆ.

ಕಾಫಿಗೂ ಮುಂಚೆ

ಈಗ ನಮ್ಮೂರಿಗೆ ಬರೋಣ. ನಮ್ಮ ತಂದೆಯ ಊರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ನಮ್ಮಜ್ಜಿ ಹೇಳ್ತಿದ್ದ ಪ್ರಕಾರ ಆಕೆ ಚಿಕ್ಕವಳಿದ್ದಾಗ ಬೆಳಿಗ್ಗೆ ಹೊಲಕ್ಕೆ ಹೋಗೋರ ಹೊಟ್ಟೆಗೆ ಬೀಳ್ತಿದ್ದದ್ದು ರಾಗಿ ಅಂಬಲಿ, ಅದಕ್ಕೆ ಮಜ್ಜಿಗೆ, ಕಡಿಯೋಕೆ ಒಂದು ಈರುಳ್ಳಿ. ಹಾಲು ಅನ್ನೋದು ಹಾಲಾಗಿ ಉಳೀತಿದ್ದದ್ದೇ ಕಮ್ಮಿ. ರಾತ್ರಿ ಹೆಪ್ಪು ಹಾಕೋದು, ಬೆಳಿಗ್ಗೆ ಕಡೆಯೋದು, ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಸಂತೆಯಲ್ಲಿ ಮಾರೋದು. ಮಜ್ಜಿಗೆ ಮನೆಗೆ, ಕೇಳಿಕೊಂಡು ಬಂದ ನೆರೆಯವರಿಗೆ. ಹಾಲನ್ನೇ ಮಾರಬಾರದು, ಅದು ಕರುವಿನ ಪಾಲು, ಮಾರಿದರೆ ಮನೆಗೆ ಒಳ್ಳೇದಲ್ಲ ಅನ್ನೋ ನಂಬಿಕೆ ಹಳಬರಲ್ಲಿತ್ತು.

ಇನ್ನು ಬಿಸಿಬಿಸಿಯಾಗಿ ಕುಡಿಯೋದು ಅಂದರೆ ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿ, ಬೆಲ್ಲದ ಜೊತೆ ಕುದಿಸಿ, ಮೇಲೆ ಸ್ವಲ್ಪ ಹಾಲು. ಗಮನಿಸಿ.. ಹುರಿಯೋದು, ಪುಡಿ ಮಾಡೋದು, ಕುದಿಸೋದು, ಹಾಲು-ಬೆಲ್ಲ ಬೆರೆಸೋದು. ಕಾಫಿ ಮಾಡೋ ಕೈಕೆಲಸ ಅಷ್ಟೂ ನಮ್ಮ ಹೆಂಗಸರಿಗೆ ಮೊದಲೇ ಬರ್ತಿತ್ತು. ಆಮೇಲೆ ಕೊತ್ತಂಬರಿಯ ಜಾಗಕ್ಕೆ ಕಾಫಿ ಬೀಜ ಬಂದು ಕೂತಿತು, ಅಷ್ಟೆ. ಹೊಸ ಪಾನೀಯ ಇಷ್ಟು ಬೇಗ ಅಡುಗೆಮನೆ ಸೇರಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತೆ.

ಬೀಜ ಇಳಿದು ಬಂದದ್ದು

ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಮೋಕಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನೋ ಐತಿಹ್ಯ ಎಲ್ಲರಿಗೂ ಗೊತ್ತು. ಆದರೆ ತೋಟಗಾರಿಕೆಯಾಗಿ ಅದು ಬೆಳೆದದ್ದು 19ನೇ ಶತಮಾನದಲ್ಲಿ, ಇಂಗ್ಲಿಷರ ಕೈಲಿ. ಬೆಳೆದ ಒಳ್ಳೆಯ ಕಾಫಿ ಬಹುಪಾಲು ಹಡಗು ಹತ್ತಿ ಯೂರೋಪಿಗೆ ಹೋಗ್ತಿತ್ತು. ಬಯಲುಸೀಮೆಯ ನಮಗೆ ಅದು ಪಕ್ಕದ ಜಿಲ್ಲೆಗಳ ಬೆಳೆಯಾದರೂ ಪರದೇಶದ ವಸ್ತುವೇ.

20ನೇ ಶತಮಾನದ ಮೊದಲ ದಶಕಗಳಲ್ಲಿ ಹಳೇ ಮೈಸೂರಿನ ಪೇಟೆಗಳಲ್ಲಿ ಕಾಫಿ ಹೋಟೆಲು, ಕಾಫಿ ಕ್ಲಬ್ಬುಗಳು ಹುಟ್ಟಿಕೊಂಡವು. ಅದೇ ಕಾಲಕ್ಕೆ, 1910ರ ದಶಕದಲ್ಲಿ, ನಮ್ಮ ಕಡೆ ಪುಟ್ಟ ರೈಲು ಬಂತು. ಯಲಹಂಕದಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರದ ಕಡೆಗೆ ಹೋಗೋ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ. ಗೌರಿಬಿದನೂರಿಗೆ ಹಿಂದೂಪುರದ ಕಡೆ ಹೋಗುವ ರೈಲು ಅದಕ್ಕೂ ಮುಂಚೆಯೇ ಬಂದಿತ್ತು. ರೈಲು ನಿಂತ ಕಡೆ, ಸಂತೆ ಕೂಡೋ ಕಡೆ ಕಾಫಿ ಬಂತು. ಚಿಂತಾಮಣಿ ಹೇಳಿಕೇಳಿ ವ್ಯಾಪಾರಿಗಳ ಊರು. ವ್ಯಾಪಾರ ಕುದುರಿಸೋಕೆ ಕೂತು ಮಾತಾಡಬೇಕು, ಕೂತು ಮಾತಾಡೋಕೆ ಕೈಲೊಂದು ಲೋಟ ಬೇಕು. ಕನ್ನಡ, ತೆಲುಗು ಎರಡೂ ಕಲಸಿ ಆಡುವ ನಮ್ಮ ಸೀಮೆಯಲ್ಲಿ ಇವತ್ತಿಗೂ "ಕಾಫಿ ತಾಗ್ತಾರಾ?" ಅನ್ನೋದೇ ಮಾತಿನ ಶುರುವಾತು.

ಆ ಹೋಟೆಲುಗಳ ಬಗ್ಗೆ ಸಿಹಿಯಾಗಿ ಮಾತ್ರ ಬರೆದರೆ ತಪ್ಪಾಗುತ್ತೆ. ಜಾತಿಗೊಂದು ಜಾಗ, ಕೆಲವರಿಗೆ ಒಳಗೆ, ಕೆಲವರಿಗೆ ಹೊರಗೆ. ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ, ಕುಡಿದ ಮೇಲೆ ಅದನ್ನು ಅವರೇ ತೊಳೆದು ಇಡಬೇಕಿತ್ತು. ಸ್ವಾತಂತ್ರ್ಯ ಬಂದು, ಅಸ್ಪೃಶ್ಯತೆಯ ವಿರುದ್ಧ 1955ರಲ್ಲಿ ಕಾನೂನು ಬಂದ ಮೇಲೂ ಎಷ್ಟೋ ವರ್ಷ ಈ ಎರಡು ಲೋಟದ ಪದ್ಧತಿ ನಡೆದುಕೊಂಡು ಬಂತು. ಅದನ್ನು ಪ್ರಶ್ನಿಸಿದವರು ಪೆಟ್ಟು ತಿಂದರು. ಕಾಫಿ ಎಲ್ಲರನ್ನೂ ಒಂದೆಡೆ ಕೂರಿಸಿತು ಅಂತ ಬರೆಯೋರು ಈ ಲೋಟಗಳನ್ನೂ ನೆನಪಿಟ್ಟುಕೊಳ್ಳಬೇಕು.

ನಂದಿ ಬೆಟ್ಟದಲ್ಲಿ ಮೇಕೆ ಹಾಲು

ಇಲ್ಲೇ ಒಂದು ಸ್ವಾರಸ್ಯದ ವಿಷಯ ಹೇಳಿಬಿಡ್ತೀನಿ. 1927ರ ಮಾರ್ಚಿನಲ್ಲಿ ಪ್ರವಾಸದಲ್ಲಿದ್ದ ಗಾಂಧೀಜಿ ರಕ್ತದೊತ್ತಡ ಏರಿ ಹಾಸಿಗೆ ಹಿಡಿದರು. ವಿಶ್ರಾಂತಿಗೆ ಅಂತ ಏಪ್ರಿಲ್ ತಿಂಗಳಲ್ಲಿ ಅವರನ್ನು ಕರೆತಂದದ್ದು ನಮ್ಮ ನಂದಿ ಬೆಟ್ಟಕ್ಕೆ. ಜೂನ್ ಆರಂಭದವರೆಗೂ ಅಲ್ಲಿದ್ದರು. (1936ರಲ್ಲಿ ಮತ್ತೊಮ್ಮೆ ಬಂದಿದ್ದರು.) ಗಾಂಧೀಜಿ 1912ರಲ್ಲೇ ಹಾಲು ಬಿಟ್ಟವರು. ಹಸುಗಳನ್ನು ಹಿಂಸಿಸಿ ಹಾಲು ಹಿಂಡ್ತಾರೆ ಅನ್ನೋದು ಅವರ ಸಂಕಟಗಳಲ್ಲಿ ಒಂದು. ತೀರಾ ಕಾಯಿಲೆ ಬಿದ್ದು 1919ರಲ್ಲಿ ಮೇಕೆ ಹಾಲಿಗೆ ಒಪ್ಪಿಕೊಂಡರು. ಕಾಫಿ, ಟೀ ಅವರ ಪಾಲಿಗೆ ಬೇಡದ ಚಟ. ಅಂದರೆ ಫಿಲ್ಟರ್ ಕಾಫಿಯ ಎರಡೂ ಅರ್ಧಗಳನ್ನು ಬಿಟ್ಟ ಮನುಷ್ಯ!

ಆದರೆ ನಂದಿಯಿಂದ ಇಳಿದು ಬೆಂಗಳೂರಿಗೆ ಹೋದ ಅವರು ಮಾಡಿದ್ದೇನು ಗೊತ್ತೇ? ಆಡುಗೋಡಿಯಲ್ಲಿದ್ದ ಇಂಪೀರಿಯಲ್ ಡೈರಿ ಸಂಸ್ಥೆಗೆ ವಿದ್ಯಾರ್ಥಿಯ ಹಾಗೆ ಹೋಗಿ ಹಸು ಸಾಕಣೆ, ಹಾಲಿನ ಲೆಕ್ಕ ಕಲಿತರು. ಮದನಮೋಹನ ಮಾಳವೀಯರೂ ಜೊತೆಗಿದ್ದರು. 1923ರಲ್ಲಿ ಶುರುವಾದ ಆ ಸಂಸ್ಥೆಯೇ ಮುಂದೆ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ ಆಯಿತು. 1955ರಲ್ಲಿ ಅದರ ಮುಖ್ಯ ಕೇಂದ್ರ ಹರಿಯಾಣದ ಕರ್ನಾಲಿಗೆ ಹೋಗಿ, ಬೆಂಗಳೂರಿನದು ದಕ್ಷಿಣದ ಕೇಂದ್ರವಾಗಿ ಉಳಿಯಿತು. ಹಸುವಿನ ಹಾಲು ಕುಡಿಯದವರಿಗೂ ಹಳ್ಳಿಯ ಬಡವರ ಬದುಕು ಹಸುವಿನ ಮೇಲೆ ನಿಂತಿದೆ ಅನ್ನೋದು ಗೊತ್ತಿತ್ತು. ಅವರು ವಿಶ್ರಾಂತಿ ಪಡೆದ ಬೆಟ್ಟದ ಬುಡದ ಹಳ್ಳಿಗಳು ಐವತ್ತು ವರ್ಷದ ನಂತರ ಹಾಲಿನಿಂದಲೇ ಬದುಕು ಕಟ್ಟಿಕೊಳ್ತವೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಯುದ್ಧ, ಬೋರ್ಡು, ಚಿಕೋರಿ

ಸಾಮಾನ್ಯ ಜನರಿಗೆ ಕಾಫಿ ಹತ್ತಿರ ಆಗಿದ್ದರ ಹಿಂದೆ ಬೆಳೆಗಾರರ ಕಷ್ಟ ಇದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ಬಿದ್ದುಹೋಯಿತು. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ಆ ಹಣದಲ್ಲಿ ದೇಶದೊಳಗೇ ಕಾಫಿ ಕುಡಿಯೋ ಅಭ್ಯಾಸ ಬೆಳೆಸೋಕೆ ಪ್ರಚಾರ ಶುರುವಾಯಿತು, ಇಂಡಿಯಾ ಕಾಫಿ ಹೌಸುಗಳು ತೆರೆದವು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಯೂರೋಪಿನ ಮಾರುಕಟ್ಟೆ ಮುಚ್ಚಿತು. ಬೆಳೆದದ್ದನ್ನು ಇಲ್ಲೇ ಕುಡಿಸದೆ ಗತಿ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ಕಾಫಿಯನ್ನು ಬೋರ್ಡಿಗೇ ಒಪ್ಪಿಸಬೇಕು, ಬೋರ್ಡು ಅದನ್ನು ಮಾರಬೇಕು ಅನ್ನೋ ವ್ಯವಸ್ಥೆ ಬಂತು. ಆ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಾಗುವವರೆಗೂ ಇತ್ತು. 1950ರ ದಶಕದಲ್ಲಿ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದರು. ಅದರಲ್ಲಿ ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ ಆದದ್ದು.

ಅಂದ ಹಾಗೆ ಚಿಕೋರಿ. "ಚಿಕೋರಿ ಎಷ್ಟು ಹಾಕಿಸ್ಲಿ?" ಅನ್ನೋ ಪ್ರಶ್ನೆ ಇಲ್ಲದ ಕಾಫಿಪುಡಿ ಅಂಗಡಿ ಉಂಟೇ? ಅದೊಂದು ಗಿಡದ ಬೇರು. ಹುರಿದು ಪುಡಿ ಮಾಡ್ತಾರೆ. ನಮ್ಮ ದೇಶದಲ್ಲಿ ಮುಖ್ಯವಾಗಿ ಗುಜರಾತ್, ಉತ್ತರ ಪ್ರದೇಶದಲ್ಲಿ ಬೆಳೀತಾರೆ. ನೆಪೋಲಿಯನ್ ಕಾಲದ ದಿಗ್ಬಂಧನದಲ್ಲಿ ಕಾಫಿ ಸಿಗದೆ ಒದ್ದಾಡಿದ ಫ್ರೆಂಚರು ಇದನ್ನು ಜನಪ್ರಿಯ ಮಾಡಿದರು. ಇದನ್ನು ಬರೀ ಕಲಬೆರಕೆ ಅಂತ ಬೈಯೋರಿದ್ದಾರೆ. ಆದರೆ ಹಾಲಿನ ಕಡೆಯಿಂದ ನೋಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದರೆ ಬಣ್ಣ, ಕಹಿ, ಮಂದ ಇದೆ. ಕಾದ ಹಾಲು ಎಷ್ಟು ಹುಯ್ದರೂ ಕಾಫಿಯ ಬಣ್ಣ ಮಾಸೋದಿಲ್ಲ. ಕಡಿಮೆ ಪುಡಿಯಲ್ಲಿ ಹೆಚ್ಚು ಲೋಟ. ಹೋಟೆಲಿನವರಿಗೂ ಲಾಭ, ಬಡವರ ಮನೆಗೂ ಅನುಕೂಲ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಭಾಗಕ್ಕಿಂತ ಕಮ್ಮಿ ಇರಬಾರದು. ಆ 49ರ ಗೆರೆ ಮುಟ್ಟುವ ಪುಡಿಗಳೂ ಮಾರುಕಟ್ಟೆಯಲ್ಲಿವೆ, ಪ್ಯಾಕೆಟ್ ಹಿಂದೆ ಓದಿ ನೋಡಿ.

ಡೈರಿ ಬಂತು

ಈಗ ನಮ್ಮ ಸೀಮೆಯ ನಿಜವಾದ ಪಾತ್ರ. 1965ರಲ್ಲಿ ಬೆಂಗಳೂರು ಡೈರಿ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಹುಟ್ಟಿ, ಹಳೇ ಮೈಸೂರಿನ ಜಿಲ್ಲೆಗಳಲ್ಲಿ ಗುಜರಾತಿನ ಆನಂದ್ ಮಾದರಿಯ ಹಾಲು ಉತ್ಪಾದಕರ ಸಂಘಗಳು ಬಂದವು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಲ, ಅಂದರೆ ಕೆ.ಎಂ.ಎಫ್ ಆಯಿತು. ಆಗ ನಮ್ಮದೆಲ್ಲ ಕೋಲಾರ ಜಿಲ್ಲೆ. (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ.) ನಂದಿ ಬೆಟ್ಟದ ಕೆಳಗಿನ ಹಾಲು 'ನಂದಿನಿ' ಆಗಿ ಬೆಂಗಳೂರು ಸೇರೋಕೆ ಶುರುವಾಯಿತು.

ಇದು ನಮ್ಮ ಕಡೆ ಇಷ್ಟು ಚೆನ್ನಾಗಿ ಬೇರುಬಿಡೋಕೆ ಒಂದು ಕಾರಣ ರೇಷ್ಮೆ. ಹಿಪ್ಪುನೇರಳೆ ಸೊಪ್ಪು ಹುಳುಗಳಿಗೆ. ಹುಳು ತಿಂದು ಬಿಟ್ಟ ಎಲೆ, ಎಳೆ ಕಡ್ಡಿ ಹಸುವಿಗೆ. ಹಸುವಿನ ಗೊಬ್ಬರ ಮತ್ತೆ ಹಿಪ್ಪುನೇರಳೆ ತೋಟಕ್ಕೆ. ರೇಷ್ಮೆ ದುಡ್ಡು ಬೆಳೆಗೊಮ್ಮೆ ಬರೋದು, ಅದೂ ಹುಳು ಕೈಕೊಡದಿದ್ದರೆ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಆ ದಿನ ರೇಟು ಇದ್ದರೆ. ಹಾಲಿನ ದುಡ್ಡು ಹಾಗಲ್ಲ, ಬಟವಾಡೆಯ ದಿನ ಬಂದೇ ಬರುತ್ತೆ. ದಿನಸಿ ಅಂಗಡಿಯ ಬಾಕಿ, ಮಕ್ಕಳ ಸ್ಕೂಲ್ ಫೀಸು, ಚೀಟಿ ದುಡ್ಡು ಎಲ್ಲಾ ಅದರಲ್ಲೇ. ನಮ್ಮ ಹಳ್ಳಿಗಳಲ್ಲಿ ಹೆಂಗಸರ ಕೈಗೆ ನಿಗದಿಯಾಗಿ ದುಡ್ಡು ಬಂದದ್ದು ಬಹುಶಃ ಅದೇ ಮೊದಲು.

ಇನ್ನೊಂದು ಬದಲಾವಣೆಯೂ ಆಯ್ತು. ಲೋಟ ಬೇರೆ ಬೇರೆ ಇದ್ದ ಊರುಗಳಲ್ಲೂ ಡೈರಿಯ ಕ್ಯಾನಿನೊಳಗೆ ಎಲ್ಲರ ಹಾಲೂ ಒಂದಾಗಲೇಬೇಕಾಯ್ತು. ಮನಸ್ಸುಗಳು ಅಷ್ಟು ಬೇಗ ಒಂದಾಗಲಿಲ್ಲ ಅನ್ನೋದು ಬೇರೆ ಮಾತು. ಆದರೆ ಲ್ಯಾಕ್ಟೋಮೀಟರಿಗೆ ಜಾತಿ ಗೊತ್ತಾಗೋದಿಲ್ಲ. ಅದು ಕೇಳೋದು ಡಿಗ್ರಿ ಎಷ್ಟು ಅಂತ ಮಾತ್ರ.

ಇನ್ನು ಕಾಫಿ? ನಾನು ನೋಡಿದ್ದು ಹೇಳ್ತೀನಿ. ನಮ್ಮಜ್ಜಿ ಮನೆಯಲ್ಲಿ ಎರಡು ಹಸು ಇದ್ದವು. ಬೆಳಿಗ್ಗೆ ಕರೆದ ಹಾಲು ಕ್ಯಾನು ತುಂಬಿ ಡೈರಿಗೆ. ಮನೆಗೆ ಅಂತ ಉಳಿಯೋದು ಒಂದು ಚೊಂಬು, ಅದರಲ್ಲೇ ಮೊಸರಿಗೂ ಬೇಕು. ಹಾಗಾಗಿ ಕಾಫಿ ಅಂದರೆ ಬೆಲ್ಲ ಹಾಕಿ ಕುದಿಸಿದ ನೀರಿಗೆ ಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ, ಮೇಲೆ ಬಣ್ಣಕ್ಕಷ್ಟೇ ಹಾಲು. ಬೆಂಗಳೂರಿನಲ್ಲಿ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಪ್ಯಾಕೆಟ್ ಹಾಲಿನ ದಪ್ಪ ಕಾಫಿ. ಹಸು ಇದ್ದ ಮನೆಯಲ್ಲಿ ತೆಳು ಕಾಫಿ, ಹಸು ಇಲ್ಲದ ಮನೆಯಲ್ಲಿ ದಪ್ಪ ಕಾಫಿ! ಅಜ್ಜಿಗೆ ಅದರಲ್ಲಿ ವಿಚಿತ್ರ ಏನೂ ಕಾಣ್ತಿರಲಿಲ್ಲ. "ಹಾಲು ಕುಡಿದ್ರೆ ಬಟವಾಡೆ ಎಲ್ಲಿಂದ ಬರ್ತದೆ?" ಅಂತಿದ್ದಳು. ಆ ಎರಡು ಹಸುಗಳ ಹಾಲಿನಲ್ಲೇ ನಮ್ಮಪ್ಪನ ಓದು ನಡೆದದ್ದು.

ಇಷ್ಟಾದರೂ ಒಂದು ವಾರ ಮಾತ್ರ ಮನೆಯಲ್ಲಿ ಧಾರಾಳವಾಗಿ ಕಾಫಿ ನಡೀತಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಹಗಲು ರಾತ್ರಿ ತಿಂತವೆ. ಸೊಪ್ಪು ಹಾಕೋ ಹೊತ್ತು ತಪ್ಪಿಸುವಂತಿಲ್ಲ. ಸಾಲು ಸಾಲು ತಟ್ಟೆಗಳಲ್ಲಿ ಹುಳು ಸೊಪ್ಪು ಮೇಯೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ. ಆ ರಾತ್ರಿಗಳಲ್ಲಿ ದೊಡ್ಡವರು ಎಚ್ಚರ ಇರೋಕೆ ಕಾಫಿ, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡೋಕೆ ಬಂದ ನೆರೆಹೊರೆಯವರಿಗೂ ಕಾಫಿ. ಅತ್ತ ಶಿಡ್ಲಘಟ್ಟದ ರೀಲರ್‌ಗಳ ಕಡೆ ಹೋದರೆ ಟೀಯದ್ದೇ ರಾಜ್ಯ. ಗೂಡು ಬೆಳೆಯೋರ ಕಾಫಿ, ನೂಲು ತೆಗೆಯೋರ ಟೀ ಎರಡಕ್ಕೂ ಹಾಲು ಒಂದೇ.

ಹಾಲು ಅಂದರೆ ನೀರು

2024ರ ಜೂನ್ ತಿಂಗಳಲ್ಲಿ ಕೆ.ಎಂ.ಎಫ್ ಮೊದಲ ಬಾರಿಗೆ ಒಂದು ದಿನದಲ್ಲಿ 1 ಕೋಟಿ ಲೀಟರ್ ಹಾಲು ಸಂಗ್ರಹಿಸಿತು ಅಂತ ಓದಿ ಖುಷಿಯಾಯ್ತು. ಆಮೇಲೆ ಒಂದು ಲೆಕ್ಕ ತಲೆಗೆ ಬಂತು. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ಹಾಲು ಕರೆಯುವ ಸೀಮೆ ಹಸು ದಿನಕ್ಕೆ 60-80 ಲೀಟರ್ ನೀರು ಕುಡಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಹಾಕೋ ಹಸಿರು ಮೇವು ಬೆಳೆಯೋಕೆ ಬೇರೆ ನೀರು.

ಈ ನೀರು ಎಲ್ಲಿಂದ ಬರಬೇಕು? ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ. ಹುಟ್ಟುತ್ತವೆ ನಿಜ, ಆದರೆ ವರ್ಷಪೂರ್ತಿ ಹರಿಯೋ ನದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಹೆಸರು ಹೇಳಿದರೆ ಜನಕ್ಕೆ ನೆನಪಾಗೋದು ನೀರಿಗಿಂತ ಹೆಚ್ಚಾಗಿ ಮರಳು. ಉಳಿದದ್ದು ಬೋರ್‌ವೆಲ್. ಸಾವಿರ ಅಡಿ ಕೊರೆದರೂ ನೀರು ಬಾರದ ಕಥೆ ಊರೂರಲ್ಲೂ ಸಿಗುತ್ತೆ, ಬಂದ ನೀರಿನಲ್ಲಿ ಫ್ಲೋರೈಡ್. ಅಷ್ಟು ಆಳದಿಂದ ಎತ್ತಿದ ನೀರು ಮೇವಾಗಿ, ಹಾಲಾಗಿ, ಟ್ಯಾಂಕರ್ ಹತ್ತಿ ಬೆಂಗಳೂರಿಗೆ ಹೋಗಿ ಕಾಫಿ ಲೋಟ ಸೇರುತ್ತೆ.

ಬೆಂಗಳೂರಿನಿಂದ ವಾಪಸ್ ಬಂದದ್ದೇನು? 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಿದರು. ಆಮೇಲೆ ಎಚ್.ಎನ್. ವ್ಯಾಲಿ, ಅಂದರೆ ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ಕಂಡು ಖುಷಿಪಟ್ಟವರಿದ್ದಾರೆ, ಅದು ಸುಳ್ಳಲ್ಲ. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು, ಇಲ್ಲದಿದ್ದರೆ ಅಂತರ್ಜಲದ ಗತಿ ಏನು ಅಂತ ಇಲ್ಲಿನ ರೈತ ಹೋರಾಟಗಾರರು ಕೇಳ್ತಲೇ ಇದ್ದಾರೆ. ನ್ಯಾಯವಾದ ಪ್ರಶ್ನೆ. ನಾವು ಕಳಿಸೋ ಹಾಲನ್ನು ಹಳ್ಳಿ ಡೈರಿಯಲ್ಲಿ ಒಮ್ಮೆ, ಶೀತಲ ಕೇಂದ್ರದಲ್ಲಿ ಒಮ್ಮೆ, ಹೀಗೆ ಹೆಜ್ಜೆಹೆಜ್ಜೆಗೂ ಪರೀಕ್ಷೆ ಮಾಡಿ, ಒಂದು ಪಾಯಿಂಟ್ ಕಮ್ಮಿ ಬಂದರೆ ರೇಟು ಕತ್ತರಿಸ್ತಾರೆ. ನಮಗೆ ಬರೋ ನೀರಿಗೂ ಅಷ್ಟೇ ನಿಷ್ಠುರವಾದ ಪರೀಕ್ಷೆ ಇರಬೇಡವೇ?

ಈಗ ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟಕ್ಕೆ ಶನಿವಾರ-ಭಾನುವಾರ ಸಾಲುಗಟ್ಟಿ ಕಾರು ಹೋಗುತ್ತೆ. ದಾರಿಯುದ್ದಕ್ಕೂ ಕ್ಯಾಪುಚಿನೊ, ಲಾಟೆ ಮಾರೋ ಕೆಫೆಗಳಿವೆ. ಒಂದು ಕಪ್ಪಿಗೆ ಕೊಡೋ ದುಡ್ಡಿನಲ್ಲಿ ಪಕ್ಕದ ಹಳ್ಳಿಯ ಡೈರಿಯಲ್ಲಿ ಲೀಟರುಗಟ್ಟಲೆ ಹಾಲು ಬರುತ್ತೆ. ಕುಡಿಯಬೇಡಿ ಅಂತ ನಾನು ಹೇಳೋದಿಲ್ಲ, ನಾನೂ ಕುಡಿದಿದ್ದೀನಿ, ಚೆನ್ನಾಗೇ ಇತ್ತು. ಆದರೆ ಕಪ್ಪಿನ ಮೇಲೆ ಚಿಕ್ಕಮಗಳೂರಿನ ಎಸ್ಟೇಟಿನ ಹೆಸರು, ಎಷ್ಟು ಅಡಿ ಎತ್ತರದಲ್ಲಿ ಬೆಳೆದದ್ದು ಅಂತೆಲ್ಲ ಬರೆದಿರುವಾಗ, ಹಾಲು ಎಲ್ಲಿಯದು ಅಂತ ಯಾಕೆ ಬರೆಯೋದಿಲ್ಲ? ಬರೆದರೆ ಶಿಡ್ಲಘಟ್ಟದ, ಚಿಂತಾಮಣಿಯ ಯಾವುದೋ ಹಳ್ಳಿಯ ಹೆಸರು ಬರಬೇಕಾಗುತ್ತೆ.

ಮುಂದಿನ ಸಲ ಯಾರಾದರೂ "ಚಿಕ್ಕಬಳ್ಳಾಪುರವಾ? ಕಾಫಿ ಊರಲ್ವಾ?" ಅಂದರೆ ನಾನು ತಿದ್ದೋದಿಲ್ಲ. "ಹೌದು, ಅದರ ಮುಕ್ಕಾಲು ಪಾಲು ನಮ್ದೇ" ಅಂತೀನಿ.

ನಿಮ್ಮ ಕಡೆ ಕಾಫಿ ಬರೋಕೆ ಮುಂಚೆ ಬೆಳಿಗ್ಗೆ ಏನು ಕುಡೀತಿದ್ರು? ಮಲೆನಾಡಿನವರು ಬೆಲ್ಲದ ಕಾಫಿಗೆ ಹಾಲು ಹಾಕ್ತಿದ್ರಾ ಇಲ್ವಾ? ಮನೆಯ ಹಿರಿಯರನ್ನು ಕೇಳಿ ತಿಳಿಸಿ, ಓದೋಕೆ ಕಾಯ್ತಿರ್ತೀನಿ.